ಗೀಸರ್ ಆಫ್ ಮಾಡಿ ನಲ್ಲಿ ಮುಟ್ಟಿ: ಹಾಲಿಡೇ ಹೋಮ್ ಮಾಲೀಕರಿಗೆ ಒಬ್ಬ ಎಲೆಕ್ಟ್ರಿಷಿಯನ್ ಬರೆದ ಪತ್ರ

ಹಾಲಿಡೇ ಹೋಮ್ ನಡೆಸುವವರಿಗೆ, ಆ ಮನೆಗಳನ್ನು ನೋಡಿಕೊಳ್ಳುವವರಿಗೆ, ಅವಕ್ಕೆ ಪರವಾನಗಿ ಕೊಡುವವರಿಗೆ, ಎಲ್ಲರಿಗೂ ನಮಸ್ಕಾರ.

ನಾನು ಎಲೆಕ್ಟ್ರಿಷಿಯನ್. ಈಗೀಗ ಹೊಸ ವೈರಿಂಗ್ ಮಾಡುವುದಕ್ಕಿಂತ ಇರುವ ವೈರಿಂಗ್ ಚೆಕ್ ಮಾಡುವುದೇ ನನಗೆ ಜಾಸ್ತಿ ಕೆಲಸ. ಅದರಲ್ಲೂ ಮುಕ್ಕಾಲು ಪಾಲು ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುವ ಮನೆಗಳು. ಅಲ್ಲಿ ನೋಡಿದ್ದನ್ನು ಒಬ್ಬೊಬ್ಬ ಮಾಲೀಕರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಈ ಪತ್ರ.

ಒಂದು ಚೀಟಿಯಿಂದ ಶುರು ಮಾಡುತ್ತೇನೆ. ಒಂದು ಮನೆಯ ಬಾತ್‌ರೂಮಿನಲ್ಲಿ, ಕನ್ನಡಿಯ ಪಕ್ಕ, ಪ್ಲಾಸ್ಟಿಕ್ ಹೊದಿಸಿ ನೀಟಾಗಿ ಅಂಟಿಸಿದ್ದರು: 'ಗೀಸರ್ ಆಫ್ ಮಾಡಿದ ಮೇಲೆಯೇ ನಲ್ಲಿ ಮುಟ್ಟಿ. ದಯವಿಟ್ಟು ಸಹಕರಿಸಿ.' ಕೆಳಗೆ ಒಂದು ನಗುಮುಖ ಬೇರೆ.

ಮನೆ ನೋಡಿಕೊಳ್ಳುವ ಹುಡುಗನನ್ನು ಇದೇನು ಅಂತ ಕೇಳಿದೆ. "ಸ್ವಲ್ಪ ಜುಮ್ ಅನ್ನುತ್ತೆ ಅಣ್ಣ, ಅಷ್ಟೇ. ಬಂದವರಿಗೆಲ್ಲ ಹೇಳ್ತೀವಿ. ಚೀಟಿನೂ ಹಾಕಿದೀವಲ್ಲ" ಅಂದ. ಅವನ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ತನ್ನ ಕೆಲಸ ತಾನು ಸರಿಯಾಗಿ ಮಾಡಿದ್ದೇನೆ ಅನ್ನುವ ಸಮಾಧಾನ ಇತ್ತು.

ಆ ಚೀಟಿಯ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಅದರ ಹಿಂದಿರುವ ಯೋಚನೆಯ ಬಗ್ಗೆ ಹೇಳಬೇಕು. ನಾನು ನಿಮ್ಮ ಜೊತೆ ಜಗಳ ಆಡಬೇಕಾಗಿರುವುದು ಅದರ ಮೇಲೆಯೇ.

ನಮ್ಮ ನಮ್ಮ ಮನೆಗಳಲ್ಲೂ ಇಂಥವು ಇರುತ್ತವೆ. ಯಾವ ಸಾಕೆಟ್ ಲೂಸು, ಯಾವ ಸ್ವಿಚ್ ಒತ್ತಿದರೆ ಚಟಪಟ ಅನ್ನುತ್ತದೆ, ಮಿಕ್ಸಿ ಹಾಕಿದಾಗ ಇನ್ನೇನು ಹಾಕಬಾರದು, ಎಲ್ಲ ನಮಗೆ ಗೊತ್ತು. ಕತ್ತಲಲ್ಲೂ ಕೈ ತಾನಾಗಿ ಆ ಜಾಗ ಬಿಟ್ಟು ಹೋಗುತ್ತದೆ. ಇದು ಒಳ್ಳೆಯ ಅಭ್ಯಾಸ ಅಂತ ನಾನು ಹೇಳುವುದಿಲ್ಲ, ಆದರೂ ಹೇಗೋ ನಡೆದುಕೊಂಡು ಹೋಗುತ್ತದೆ. ಹಾಲಿಡೇ ಹೋಮಿಗೆ ಬರುವವರ ಕೈಗೆ ಅದು ಗೊತ್ತಿಲ್ಲ. ಅವರು ರಾತ್ರಿ ಹತ್ತಕ್ಕೆ ಬರುತ್ತಾರೆ. ಸುಸ್ತಾಗಿರುತ್ತಾರೆ. ಮಗು ಅಳುತ್ತಿರುತ್ತದೆ. ಬಾಗಿಲು ತೆಗೆದು ಗೋಡೆ ತಡಕುತ್ತಾರೆ. ಕೈಗೆ ಸಿಕ್ಕಿದ ಸ್ವಿಚ್ಚನ್ನೆಲ್ಲ ಒತ್ತುತ್ತಾರೆ. ಕನ್ನಡಕ ತೆಗೆದಿಟ್ಟು ಸ್ನಾನಕ್ಕೆ ಹೋಗುವವರು ನಿಮ್ಮ ಚೀಟಿ ಓದುವುದು ಹೇಗೆ? ಐದು ವರ್ಷದ ಮಗು ಓದುವುದು ಹೇಗೆ? ನಿಮ್ಮ ಭಾಷೆಯೇ ಬಾರದವರು ಬಂದರೆ?

ಎಚ್ಚರಿಕೆ ಹೇಳಿದ ಮಾತ್ರಕ್ಕೆ ರಿಪೇರಿ ಆಗುವುದಿಲ್ಲ ಸ್ವಾಮಿ. ನಾನು ಹೇಳಬೇಕಾಗಿರುವುದು ಇದೊಂದೇ. ಮುಂದೆ ಬರುವುದೆಲ್ಲ ಇದರದ್ದೇ ಉದಾಹರಣೆ.

ಹಾಲಿಡೇ ಹೋಮಿಗೆ ಇನ್ನೊಂದು ಗುಣ ಇದೆ. ಅದು ತಿಂಗಳುಗಟ್ಟಲೆ ಮಲಗಿರುತ್ತದೆ, ಆಮೇಲೆ ಒಂದೇ ಸಂಜೆಗೆ ಪೂರ್ತಿ ಎಚ್ಚರವಾಗುತ್ತದೆ. ಶುಕ್ರವಾರ ಸಂಜೆ ಆರು ಗಂಟೆಗೆ ಎರಡು ಗೀಸರ್, ಮೂರು ಎಸಿ, ಓವನ್, ವಾಷಿಂಗ್ ಮೆಷಿನ್, ಪಂಪು, ತೋಟದ ದೀಪ ಎಲ್ಲ ಒಟ್ಟಿಗೆ ಆನ್. ಜನ ವಾಸವಾಗಿರುವ ಮನೆಯಲ್ಲಿ ಹೀಗೆ ಆಗುವುದು ಕಡಿಮೆ.

ಖಾಲಿ ಮನೆಯಲ್ಲಿ ತೇವ ಕೂರುತ್ತದೆ. ಸಮುದ್ರದ ಹತ್ತಿರ ಇದ್ದರೆ ಉಪ್ಪುಗಾಳಿಗೆ ಸ್ಕ್ರೂಗಳು ಹಸಿರಾಗುತ್ತವೆ. ಇಲಿ ವೈರ್ ಕಚ್ಚುತ್ತದೆ. ಸ್ವಿಚ್ ಬೋರ್ಡಿನೊಳಗೆ ಇರುವೆ ಮಣ್ಣು ತುಂಬುತ್ತದೆ, ಮೀಟರ್ ಬಾಕ್ಸಿನಲ್ಲಿ ಕಣಜ ಗೂಡು ಕಟ್ಟುತ್ತದೆ. ಈಗ ಬೋರ್ಡಿನ ಮುಚ್ಚಳ ತೆಗೆಯುವ ಮೊದಲು ಅದರ ಮೇಲೆ ಎರಡು ಸಲ ಬೆರಳಿಂದ ತಟ್ಟುತ್ತೇನೆ. ಒಳಗಿಂದ ಗುಂಯ್ ಅಂದರೆ ಕರೆಂಟಿಗಿಂತ ಮೊದಲು ಕಣಜದ ವಿಚಾರ ನೋಡಬೇಕು.

ನನ್ನ ಕೆಲಸ ಶುರುವಾಗುವುದು ಮೇನ್ ಬೋರ್ಡಿನಿಂದ. ಅದು ಎಲ್ಲಿದೆ ಅಂತ ಹುಡುಕುವುದೇ ಮೊದಲ ಕೆಲಸ. ಒಮ್ಮೆ ಬೀರುವಿನ ಹಿಂದೆ ಇತ್ತು. ಒಮ್ಮೆ ಮೂರು ಹಾಸಿಗೆ ಪೇರಿಸಿಟ್ಟ ಸ್ಟೋರ್ ರೂಮಿನಲ್ಲಿತ್ತು, ಆ ರೂಮಿಗೆ ಬೀಗ, ಬೀಗದ ಕೈ ಮಾಲೀಕರ ಹತ್ತಿರ, ಮಾಲೀಕರು ಬೇರೆ ಊರಲ್ಲಿ. ಅತಿಥಿಗಳು ಆ ಮನೆಯಲ್ಲಿ ಇರುವಾಗ ಯಾರಿಗಾದರೂ ಶಾಕ್ ಹೊಡೆದು ಕೈ ಅಂಟಿಕೊಂಡರೆ ಮೇನ್ ಆಫ್ ಮಾಡುವವರು ಯಾರು? ನಿಮ್ಮ ಖಾಸಗಿ ಸಾಮಾನಿಗೆ ಬೀಗ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಮೇನ್ ಸ್ವಿಚ್ ನಿಮ್ಮ ಖಾಸಗಿ ಸಾಮಾನಲ್ಲ.

ಬೋರ್ಡ್ ಸಿಕ್ಕಿದ ಮೇಲೆ ಮೇಲಿನ ಬರಹ ಓದುತ್ತೇನೆ. 'ಹಾಲ್', 'ಕಿಚನ್', 'ಹೊಸ ರೂಮ್'. ಹೊಸ ರೂಮ್ ಯಾವುದು ಅಂದರೆ ಯಾರಿಗೂ ಗೊತ್ತಿಲ್ಲ, ಅದು ಹಳೆಯದಾಗಿ ಎಷ್ಟೋ ಕಾಲವಾಗಿರುತ್ತದೆ. ಒಂದು ಬೋರ್ಡಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಬರೆದವನು ಪ್ರಾಮಾಣಿಕ.

ಆಮೇಲೆ ಆರ್‌ಸಿಸಿಬಿ. ಮೇನ್ ಬೋರ್ಡಿನಲ್ಲಿ 'ಟಿ' ಅಂತ ಬರೆದ ಚಿಕ್ಕ ಬಟನ್ ಇರುತ್ತದಲ್ಲ, ಅದೇ. ಮನೆಯೊಳಗೆ ಹೋಗುವ ಕರೆಂಟ್ ಎಷ್ಟು, ವಾಪಸ್ ಬರುವ ಕರೆಂಟ್ ಎಷ್ಟು ಅಂತ ಅದು ಯಾವಾಗಲೂ ಹೋಲಿಸುತ್ತಿರುತ್ತದೆ. ಎರಡೂ ಸಮ ಇರಬೇಕು. ವ್ಯತ್ಯಾಸ ಬಂತು ಅಂದರೆ ಕರೆಂಟ್ ಬೇರೆ ದಾರಿಯಲ್ಲಿ ಭೂಮಿಗೆ ಹೋಗುತ್ತಿದೆ ಅಂತ ಅರ್ಥ. ಆ ದಾರಿ ಒಬ್ಬ ಮನುಷ್ಯನ ಮೈ ಆಗಿರಬಹುದು. ಜನರ ಜೀವ ಕಾಯಲು ಹಾಕುವುದು 30 ಮಿಲಿಆಂಪಿಯರಿನದ್ದು. ಅಷ್ಟು ಸೋರಿದರೆ ಅದು 300 ಮಿಲಿಸೆಕೆಂಡಿನೊಳಗೆ ಕಟ್ ಆಗಬೇಕು, ಐದು ಪಟ್ಟು ಸೋರಿದರೆ 40 ಮಿಲಿಸೆಕೆಂಡಿನೊಳಗೆ. ಎಂಸಿಬಿ, ಅಂದರೆ ವೈರಿನಲ್ಲಿ ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್, ಈ ಕೆಲಸ ಮಾಡುವುದಿಲ್ಲ. ಅದು ಕಾಯುವುದು ವೈರನ್ನು. 16 ಆಂಪಿಯರಿನ ಎಂಸಿಬಿ ಗಮನಿಸುವ ಹೊತ್ತಿಗೆ ಮನುಷ್ಯ ಉಳಿದಿರುವುದಿಲ್ಲ.

ಈ ಅಂಕಿಗಳು ಸುಮ್ನೆ ಬಂದದ್ದಲ್ಲ. ಚಾರ್ಲ್ಸ್ ಡಾಲ್ಜೀಲ್ ಅಂತ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಒಬ್ಬರಿದ್ದರು. ಒಪ್ಪಿ ಬಂದ ಜನರ ಕೈಗೆ ಕರೆಂಟ್ ಕೊಟ್ಟು, ಎಷ್ಟಾದಾಗ ಹಿಡಿದದ್ದನ್ನು ಬಿಡಲು ಆಗುವುದಿಲ್ಲ ಅಂತ ಅವರು ಅಳೆದರು. ಗಂಡಸರಿಗೆ ಸರಾಸರಿ ಸುಮಾರು 16 ಮಿಲಿಆಂಪಿಯರ್, ಹೆಂಗಸರಿಗೆ ಸುಮಾರು ಹತ್ತೂವರೆ. ಅದನ್ನು ದಾಟಿದರೆ ಕೈಯ ಸ್ನಾಯು ಬಿಗಿದುಕೊಂಡು ನಲ್ಲಿ ಬಿಡಬೇಕು ಅಂದರೂ ಬಿಡಲು ಆಗುವುದಿಲ್ಲ. ಅಲ್ಲಿ ಬಳಸುವ, ಸುಮಾರು 5 ಮಿಲಿಆಂಪಿಯರಿಗೇ ಕಟ್ ಆಗುವ ಸಾಧನವನ್ನು 1961ರಲ್ಲಿ ಕಂಡುಹಿಡಿದವರೂ ಅವರೇ. ಇನ್ನು ಒದ್ದೆ ಮೈ. ಅದು ಕರೆಂಟಿಗೆ ಒಡ್ಡುವ ತಡೆ ಸಾವಿರ ಓಮಿನ ಆಸುಪಾಸಿಗೆ ಇಳಿಯಬಹುದು. 230 ವೋಲ್ಟಿಗೆ ಲೆಕ್ಕ ಹಾಕಿ ನೋಡಿ. 230 ಮಿಲಿಆಂಪಿಯರ್. 'ಸ್ವಲ್ಪ ಜುಮ್' ಅನ್ನುವುದಕ್ಕೂ ಇದಕ್ಕೂ ನಡುವೆ ಇರುವುದು ಬರೀ ಅದೃಷ್ಟ.

ಇಷ್ಟು ಮುಖ್ಯವಾದ ಸಾಧನವನ್ನು ಹಾಲಿಡೇ ಹೋಮ್‌ಗಳಲ್ಲಿ ಬೈಪಾಸ್ ಮಾಡಿರುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಮುಚ್ಚಳ ತೆಗೆದರೆ ಒಳಗೆ ಎರಡು ತುಂಡು ವೈರ್. ಮೇಲಿಂದ ಕೆಳಕ್ಕೆ ನೇರ. ಆರ್‌ಸಿಸಿಬಿ ಮಾತ್ರ ಹೊರಗಿನಿಂದ ನೋಡುವವರಿಗೆ ಅಲ್ಲೇ ಕೂತಿರುತ್ತದೆ.

ಯಾಕೆ ಹೀಗೆ ಮಾಡುತ್ತಾರೆ ಅಂತ ನನಗೆ ಗೊತ್ತು. ಅದಕ್ಕೆ ಕಾರಣ ಕೆಟ್ಟ ಮನಸ್ಸಲ್ಲ. ಗೀಸರ್ ಎಲಿಮೆಂಟ್ ಅಂದರೆ ಒಂದು ಲೋಹದ ಕೊಳವೆ. ಒಳಗೆ ಬಿಸಿಯಾಗುವ ತಂತಿಯ ಸುರುಳಿ. ತಂತಿ ಕೊಳವೆಗೆ ತಾಗದ ಹಾಗೆ ನಡುವೆ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಆ ಪುಡಿಗೆ ತೇವ ಹೀರುವ ಚಾಳಿ. ದಿನಾ ಬಳಸಿದರೆ ಬಿಸಿಗೆ ಒಣಗುತ್ತಿರುತ್ತದೆ. ಮೂರು ತಿಂಗಳು ಸುಮ್ಮನೆ ಬಿಟ್ಟರೆ ಕೊಳವೆಯ ತುದಿಯಿಂದ ನಿಧಾನಕ್ಕೆ ತೇವ ಒಳಗೆ ಹೋಗುತ್ತದೆ. ಓವನ್ನಿನ ಎಲಿಮೆಂಟಿಗೂ ಇದೇ ಕಥೆ. ಶುಕ್ರವಾರ ಸಂಜೆ ಆನ್ ಮಾಡುತ್ತಿದ್ದ ಹಾಗೆ ಲೀಕೇಜ್. ಆರ್‌ಸಿಸಿಬಿ ಟ್ರಿಪ್. ಇಡೀ ಮನೆ ಕತ್ತಲು. ಅತಿಥಿಗಳು ಫೋನಿನಲ್ಲಿ ಕೂಗಾಡುತ್ತಾರೆ. ನೋಡಿಕೊಳ್ಳುವ ಹುಡುಗ ಯಾರನ್ನೋ ಕರೆಯುತ್ತಾನೆ. ಬಂದವನು ಹತ್ತು ನಿಮಿಷದಲ್ಲಿ ವೈರ್ ಜೋಡಿಸಿ 'ಆರ್‌ಸಿಸಿಬಿ ವೀಕ್ ಆಗಿದೆ, ಸದ್ಯಕ್ಕೆ ಹೀಗೆ ಇರಲಿ' ಅಂತ ಹೇಳಿ ಹೋಗುತ್ತಾನೆ. ಆ 'ಸದ್ಯಕ್ಕೆ' ಎಷ್ಟು ವರ್ಷ ಬೇಕಾದರೂ ನಡೆಯುತ್ತದೆ.

ಅಂದು ಆ ಆರ್‌ಸಿಸಿಬಿ ವೀಕ್ ಆಗಿರಲಿಲ್ಲ. ಮಾಡಬೇಕಾದ ಕೆಲಸವನ್ನೇ ಮಾಡಿತ್ತು. ಅದಕ್ಕೆ ಪರಿಹಾರವೂ ದೊಡ್ಡದಲ್ಲ. ಎಲಿಮೆಂಟ್ ಬಿಚ್ಚಿ ಒಣಗಿಸಿದರೆ ಕೆಲವು ಸರಿಹೋಗುತ್ತವೆ, ಸರಿಹೋಗದಿದ್ದರೆ ಬದಲಿಸಬೇಕು. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇಡುವ ಬದಲು ಗೀಸರಿಗೆ ಬೇರೆ, ಲೈಟಿಗೆ ಬೇರೆ, ತೋಟಕ್ಕೆ ಬೇರೆ ಅಂತ ಹಂಚಿದರೆ ಗೀಸರ್ ಕೆಟ್ಟ ಮಾತ್ರಕ್ಕೆ ಮನೆ ಕತ್ತಲಾಗುವುದಿಲ್ಲ. ಮನೆ ಕತ್ತಲಾಗದಿದ್ದರೆ ಬೈಪಾಸ್ ಮಾಡುವ ಆಸೆಯೂ ಯಾರಿಗೂ ಬರುವುದಿಲ್ಲ. ಜನರನ್ನು ಬೈಯುವುದಕ್ಕಿಂತ ವೈರಿಂಗ್ ಬದಲಿಸುವುದು ಸುಲಭ ಅಂತ ನನಗೆ ಅನ್ನಿಸಿದ್ದು ಹೀಗೆ.

ಟೆಸ್ಟ್ ಬಟನ್ ಬಗ್ಗೆ ಒಂದು ಮಾತು. ಅದನ್ನು ಆಗಾಗ ಒತ್ತಿ. ತಿಂಗಳುಗಟ್ಟಲೆ ಅಲುಗಾಡದೆ ಕೂತರೆ ಒಳಗಿನ ಯಂತ್ರ ಬಿಗಿದುಕೊಳ್ಳಬಹುದು. ಪ್ರತಿ ಹೊಸ ಬುಕಿಂಗಿಗೆ ಮೊದಲು ಒಮ್ಮೆ ಒತ್ತಿ ನೋಡುವುದು ಕ್ಲೀನಿಂಗ್ ಮಾಡುವವರ ಕೆಲಸದಲ್ಲೇ ಸೇರಲಿ, ಐದು ಸೆಕೆಂಡ್ ಸಾಕು. ಆದರೆ ಬಟನ್ ಒತ್ತಿದಾಗ ಟ್ರಿಪ್ ಆಯಿತು ಅಂತ ಅರ್ತಿಂಗ್ (ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ವೈರಿನ ವ್ಯವಸ್ಥೆ) ಚೆನ್ನಾಗಿದೆ ಅಂದುಕೊಳ್ಳಬೇಡಿ. ಆ ಬಟನ್ ತನ್ನೊಳಗಿನ ಒಂದು ರೆಸಿಸ್ಟರಿನ ಮೂಲಕವೇ ಸುಳ್ಳು ಲೀಕೇಜ್ ಮಾಡಿ ನೋಡುತ್ತದೆ. ನಿಮ್ಮ ಅರ್ತ್ ವೈರ್ ತುಂಡಾಗಿ ನೇತಾಡುತ್ತಿದ್ದರೂ ಬಟನ್ ಪಾಸ್ ಆಗುತ್ತದೆ.

ಇನ್ನು ಅರ್ತಿಂಗ್. ಮೂರು ಪಿನ್ನಿನ ಸಾಕೆಟ್ ಇದೆ ಅಂದರೆ ಮೂರನೆಯ ತೂತಿನ ಹಿಂದೆ ವೈರ್ ಇದೆ ಅಂತ ಅಲ್ಲ. ಎಷ್ಟೋ ಕಡೆ ಅದು ಬರೀ ತೂತು. ಅದಕ್ಕಿಂತ ಕೆಟ್ಟದ್ದು ಒಂದಿದೆ. ಸಾಕೆಟ್ಟಿನ ಹಿಂದೆ ನ್ಯೂಟ್ರಲಿನಿಂದ (ಕರೆಂಟ್ ವಾಪಸ್ ಹೋಗುವ ವೈರ್; ಒಳಗೆ ತರುವುದು ಫೇಸ್) ಅರ್ತ್ ಪಿನ್ನಿಗೆ ಒಂದು ತುಂಡು ವೈರ್ ಹಾಕಿರುತ್ತಾರೆ. ಸಾಕೆಟ್ಟಿಗೆ ಚುಚ್ಚಿ ನೋಡುವ ಮೂರು ಲೈಟಿನ ಟೆಸ್ಟರ್ ಹಾಕಿದರೆ 'ಸರಿ ಇದೆ' ಅಂತಲೇ ತೋರಿಸುತ್ತದೆ, ಅದಕ್ಕೆ ನ್ಯೂಟ್ರಲಿಗೂ ಅರ್ತಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಒಂದು ದಿನ ಹಿಂದೆ ಎಲ್ಲೋ ನ್ಯೂಟ್ರಲ್ ಕಟ್ ಆಗುತ್ತದೆ. ಆಗ ಫೇಸ್ ಕರೆಂಟ್ ಫ್ರಿಜ್ಜಿನೊಳಗೆ ಸುತ್ತಿ ಅದೇ ತುಂಡು ವೈರಿನಿಂದ ಫ್ರಿಜ್ಜಿನ ಮೈಗೆ ಬಂದು ಕೂರುತ್ತದೆ. ಬರಿಗಾಲಲ್ಲಿ ನೀರು ಕುಡಿಯಲು ಬಂದವರು ಬಾಗಿಲು ಹಿಡಿಯುತ್ತಾರೆ. ಇಂಥ ತುಂಡು ವೈರ್ ಒಂದೇ ಮನೆಯಲ್ಲಿ ಏಳು ಸಿಕ್ಕಿದ್ದವು. ಹಾಕಿದವನಿಗೆ ತಾನೇನು ಮಾಡುತ್ತಿದ್ದೇನೆ ಅಂತ ಗೊತ್ತಿತ್ತು. ಟೆಸ್ಟರಿಗೆ ಮೋಸ ಮಾಡುವುದು ಬಿಟ್ಟರೆ ಆ ವೈರಿಗೆ ಬೇರೆ ಕೆಲಸವೇ ಇಲ್ಲ.

ಈಗ ಚೀಟಿಯ ಮನೆಗೆ ವಾಪಸ್ ಬರೋಣ.

ನಲ್ಲಿಗೂ ಒಂದು ನಂಬಿಕೆಯ ಅರ್ತಿಗೂ ನಡುವೆ ಮೀಟರ್ ಹಿಡಿದೆ. ಗೀಸರ್ ಆನ್ ಇದ್ದಾಗ ನಲ್ಲಿಯಲ್ಲಿ ವೋಲ್ಟೇಜ್ ಇತ್ತು. ಅದು ನಿರೀಕ್ಷೆ ಮಾಡಿದ್ದೇ. ಚೀಟಿಯಲ್ಲಿ ಬರೆದ ಹಾಗೆ ಸ್ವಿಚ್ ಆಫ್ ಮಾಡಿದೆ. ಮೀಟರಿನ ಅಂಕಿ ಇಳಿಯುವ ಬದಲು ಏರಿತು. ಮೀಟರ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ತಂದೆ. ಅದೂ ಅದನ್ನೇ ತೋರಿಸಿತು.

ಸ್ವಿಚ್ ಬಿಚ್ಚಿ ನೋಡಿದರೆ ಯಾರೋ ಅದನ್ನು ಫೇಸಿನಲ್ಲಿ ಹಾಕುವ ಬದಲು ನ್ಯೂಟ್ರಲಿನಲ್ಲಿ ಹಾಕಿದ್ದರು. ಸ್ವಿಚ್ ಆಫ್ ಮಾಡಿದರೆ ನೀರು ಬಿಸಿಯಾಗುವುದು ನಿಲ್ಲುತ್ತದೆ, ಲೈಟೂ ಆರುತ್ತದೆ, ನಿಜ. ಆದರೆ ಫೇಸ್ ಮಾತ್ರ ಎಲಿಮೆಂಟಿನಲ್ಲೇ ಇರುತ್ತದೆ. ಆನ್ ಇದ್ದಾಗ ವೋಲ್ಟೇಜ್ ಎಲಿಮೆಂಟಿನ ಉದ್ದಕ್ಕೂ ಹಂಚಿಹೋಗಿ ನ್ಯೂಟ್ರಲ್ ಕಡೆಗೆ ಇಳಿಯುತ್ತಾ ಹೋಗುತ್ತದೆ. ಆಫ್ ಮಾಡಿದಾಗ ಇಳಿಯಲು ದಾರಿಯೇ ಇಲ್ಲ, ಇಡೀ ಎಲಿಮೆಂಟ್ ಪೂರ್ತಿ 230ರಲ್ಲಿ ಕೂರುತ್ತದೆ. ಅದರ ಮೇಲೆ ಎಲಿಮೆಂಟ್ ತೇವ ಹೀರಿ ಲೀಕ್ ಆಗುತ್ತಿತ್ತು. ಗೀಸರಿನ ಅರ್ತ್ ವೈರ್ ಪ್ಲಗ್ಗಿನೊಳಗೆ ಕತ್ತರಿಸಿಹೋಗಿತ್ತು. ಆರ್‌ಸಿಸಿಬಿ ಬೈಪಾಸ್ ಆಗಿತ್ತು. ಅಂದರೆ ಆ ಚೀಟಿ ಓದಿ, ವಿಧೇಯವಾಗಿ ಆಫ್ ಮಾಡಿ, ನಲ್ಲಿ ಹಿಡಿದವರೇ ಹೆಚ್ಚು ಅಪಾಯದಲ್ಲಿದ್ದರು.

ಹಾಗಾದರೆ ಇಷ್ಟು ದಿನ ಯಾರಿಗೂ ಏನೂ ಆಗಲಿಲ್ಲ ಯಾಕೆ? ಮಾಲೀಕರೂ ಇದನ್ನೇ ಕೇಳಿದರು. ಉತ್ತರ ಪೈಪಿನಲ್ಲಿತ್ತು. ಮೊದಲು ಅಲ್ಲಿ ಇದ್ದದ್ದು ಕಬ್ಬಿಣದ ಪೈಪು, ಮಣ್ಣೊಳಗಿಂದ ಬರುತ್ತಿತ್ತು. ಸೋರಿದ ಕರೆಂಟ್ ಅದರಲ್ಲೇ ಭೂಮಿಗೆ ಇಳಿದುಹೋಗುತ್ತಿತ್ತು. ಬಾತ್‌ರೂಮ್ ಚೆಂದ ಮಾಡಿಸುವಾಗ ಎಲ್ಲ ಪ್ಲಾಸ್ಟಿಕ್ ಪೈಪ್ ಹಾಕಿಸಿದರು. ಪ್ಲಂಬರ್ ತಪ್ಪು ಮಾಡಲಿಲ್ಲ. ಯಾರಿಗೂ ತಿಳಿಯದೆ ಅರ್ತಿಂಗಿನ ಕೆಲಸ ಮಾಡುತ್ತಿದ್ದ ಒಂದು ಪೈಪು ಮಾತ್ರ ಹೋಯಿತು. ಜುಮ್ ಶುರುವಾಗಿದ್ದು ಅಲ್ಲಿಂದ.

'ಇಷ್ಟು ವರ್ಷ ಏನೂ ಆಗಿಲ್ಲ' ಅಂತ ನೀವು ಹೇಳಿದಾಗ ನಾನು ಸುಮ್ಮನಿರುತ್ತೇನೆ. ಒಪ್ಪಿದ್ದೇನೆ ಅಂತಲ್ಲ. ಯಾವ ಪೈಪು, ಯಾವ ಒಣ ಚಾಪೆ, ಯಾರ ರಬ್ಬರ್ ಚಪ್ಪಲಿ ನಿಮ್ಮನ್ನು ಇಷ್ಟು ದಿನ ಕಾಯುತ್ತಿತ್ತು ಅಂತ ಯೋಚಿಸುತ್ತಿರುತ್ತೇನೆ.

ಬಾತ್‌ರೂಮಿನಿಂದ ಹೊರಗೆ ಬರುವ ಮೊದಲು ಇನ್ನೊಂದು. ಜಗತ್ತಿನ ಬಹಳಷ್ಟು ದೇಶಗಳು ತಮ್ಮ ವೈರಿಂಗ್ ನಿಯಮಗಳಿಗೆ ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆ) ಮಾಡಿದ 60364 ಅನ್ನುವ ಮಾನದಂಡವನ್ನು ಆಧಾರ ಮಾಡಿಕೊಂಡಿವೆ. ಅದರ ಪ್ರಕಾರ ಟಬ್ಬಿನ ಅಂಚಿನಿಂದ 60 ಸೆಂಟಿಮೀಟರ್ ಒಳಗೆ ಮಾಮೂಲಿ ಸಾಕೆಟ್ ಇರುವಂತಿಲ್ಲ. ಕೆಲವು ದೇಶಗಳು ಇನ್ನೂ ದೂರ ಕೇಳುತ್ತವೆ. ನೀವು ಗೋಡೆಯಲ್ಲಿ ಹಾಕಿರುವುದಿಲ್ಲ, ಸರಿ. ಆದರೆ ಬಾತ್‌ರೂಮಿನಲ್ಲಿ ಕನ್ನಡಿ ಇದೆ, ಹತ್ತಿರ ಸಾಕೆಟ್ ಇಲ್ಲ. ಹೇರ್ ಡ್ರೈಯರ್ ಬೇಕಾದವರು ಏನು ಮಾಡುತ್ತಾರೆ? ರೂಮಿನಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ವಾಶ್ ಬೇಸಿನ್ ಮೇಲೆ ಇಡುತ್ತಾರೆ. ರೂಮಿನಲ್ಲಿ ಇನ್ನೊಂದು ಕನ್ನಡಿ, ಅದರ ಪಕ್ಕ ಒಂದು ಸಾಕೆಟ್ ಹಾಕಿಸಿ. ತಂತಾನೇ ನಿಲ್ಲುತ್ತದೆ. ಇದಕ್ಕೂ ಚೀಟಿ ಬೇಡ.

ಈಜುಕೊಳ ಇರುವವರಿಗೆ ಗಟ್ಟಿಯಾಗಿ ಹೇಳುತ್ತೇನೆ. ನೀರಿನೊಳಗಿನ ದೀಪ ಎಸಿ ಕರೆಂಟಿನದ್ದಾದರೆ (ಮನೆಗೆ ಲೈನಿನಲ್ಲಿ ಬರುವ ಥರದ ಕರೆಂಟ್) 12 ವೋಲ್ಟ್ ಮೀರಬಾರದು, ಅದರ ಟ್ರಾನ್ಸ್‌ಫಾರ್ಮರ್ ನೀರಿನಿಂದ ದೂರ ಇರಬೇಕು. ದೀಪ ಸುಟ್ಟುಹೋಯಿತು ಅಂತ ಕಣ್ಣಿಗೆ ಒಂದೇ ಥರ ಕಾಣುವ 230 ವೋಲ್ಟಿನದ್ದನ್ನು ತಂದು ಹಾಕಬೇಡಿ. ಇದರಲ್ಲಿ ಸರಿಪಡಿಸಿಕೊಳ್ಳಲು ಎರಡನೇ ಅವಕಾಶ ಸಿಗುವುದಿಲ್ಲ.

ತೋಟದ ದೀಪದ ಸರಮಾಲೆಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮನೆಯೊಳಗೆ ಬಳಸುವ ಸರ, ಮಳೆಗೆ ಬಿಟ್ಟ ಜಾಯಿಂಟ್, ಅದಕ್ಕೆ ಸುತ್ತಿದ ಟೇಪ್. ಟೇಪ್ ನೀರು ತಡೆಯುವುದಿಲ್ಲ, ಒಳಗೆ ಹೋದ ನೀರು ಹೊರಗೆ ಬರದ ಹಾಗೆ ತಡೆಯುತ್ತದೆ ಅಷ್ಟೇ.

ಬೆಡ್‌ರೂಮಿಗೆ ಬರೋಣ. ನಾಲ್ಕು ಜನರ ಮನೆಯಲ್ಲಿ ಒಂಬತ್ತು ಜನ ಮಲಗಿಸಲು ನೀವು ಮಂಚದ ಮೇಲೆ ಮಂಚ ಹಾಕಿದ್ದೀರಿ. ಸಾಕೆಟ್ ಮಾತ್ರ ಅವೇ ಎರಡು, ಅದರಲ್ಲಿ ಒಂದು ಮಂಚದ ಹಿಂದೆ ಸಿಕ್ಕಿಕೊಂಡಿದೆ. ಒಂಬತ್ತು ಫೋನು, ಎರಡು ಲ್ಯಾಪ್‌ಟಾಪ್, ಒಂದು ಹೀಟರ್. ಹಾಗಾಗಿ ಬೋರ್ಡಿಗೆ ಬೋರ್ಡ್ ಸಿಕ್ಕಿಸಿ, ಕಾರ್ಪೆಟ್ ಕೆಳಗೆ ವೈರ್ ಎಳೆಯುತ್ತಾರೆ. 6 ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡ್ 230 ವೋಲ್ಟಿನಲ್ಲಿ ಹೊರುವುದು 1380 ವ್ಯಾಟ್. ರೂಮ್ ಹೀಟರ್ ಒಂದೇ 2000 ವ್ಯಾಟ್ ಇರುತ್ತದೆ, ಸುಮಾರು 8.7 ಆಂಪಿಯರ್ ಎಳೆಯುತ್ತದೆ. 16 ಆಂಪಿಯರಿನ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ, ಹಾಗಾಗಿ ಬೋರ್ಡ್ ಕರಗುತ್ತಿದ್ದರೂ ಎಂಸಿಬಿ ಬೀಳುವುದಿಲ್ಲ. ಯಾವ ಮೀನೂ ಇಲ್ಲದ ರೂಮಿನಲ್ಲಿ ಹಸಿಮೀನಿನ ವಾಸನೆ ಬಂದರೆ ಕಿಟಕಿ ತೆಗೆದು ಸುಮ್ಮನಾಗಬೇಡಿ, ಮೇನ್ ಆಫ್ ಮಾಡಿ. ಸ್ವಿಚ್ಚು ಸಾಕೆಟ್ಟಿನ ಕೆಲವು ಪ್ಲಾಸ್ಟಿಕ್‌ಗಳು ಕಾದಾಗ ಹಾಗೇ ನಾರುತ್ತವೆ. ಒಮ್ಮೆ ಮಾಲೀಕರೊಬ್ಬರು ಆ ವಾಸನೆಗೆ ರೂಮ್ ಫ್ರೆಶ್‌ನರ್ ಇಟ್ಟಿದ್ದರು. ಅದನ್ನು ಚುಚ್ಚಿದ್ದು ಅದೇ ಸಾಕೆಟ್ಟಿಗೆ.

ಹೊಸದಾಗಿ ಸೇರಿಕೊಂಡಿರುವುದು ಎಲೆಕ್ಟ್ರಿಕ್ ಕಾರು. ಅತಿಥಿ ಬರುತ್ತಾರೆ, ಕಾರಿನ ಜೊತೆ ಬಂದ ಚಾರ್ಜರನ್ನು ಕಿಟಕಿಯಿಂದ ಒಳಗೆ ಎಳೆದು ಹಾಲಿನ ಸಾಕೆಟ್ಟಿಗೆ ಹಾಕುತ್ತಾರೆ. ಕೆಟಲ್ ಮೂರು ನಿಮಿಷ ಎಳೆಯುವ ಕರೆಂಟನ್ನು ಇದು ರಾತ್ರಿಯಿಡೀ ಎಳೆಯುತ್ತದೆ. ಮೂರು ನಿಮಿಷಕ್ಕೆ ಗೊತ್ತೇ ಆಗದ ಲೂಸ್ ಕನೆಕ್ಷನ್ ಎಂಟು ಗಂಟೆಗೆ ಸುಡುತ್ತದೆ. ಸುತ್ತಿಟ್ಟ ಕೇಬಲ್ ರೀಲ್ ಬಿಚ್ಚದೆ ಬಳಸಿದರಂತೂ ಬಿಸಿ ಒಳಗೇ ಉಳಿದು ಕೇಬಲ್ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಕಾರಿಗೆ ಬೇರೆ ಲೈನ್ ಹಾಕಿಸಿ, ಇಲ್ಲದಿದ್ದರೆ ಬುಕಿಂಗ್ ಸಮಯದಲ್ಲೇ ಇಲ್ಲ ಅಂತ ಹೇಳಿ. ಬಂದು ನಿಂತ ಮೇಲೆ ಬ್ಯಾಟರಿ ಖಾಲಿಯಾದವರಿಗೆ ಬೇಡ ಅಂದರೆ ಕೇಳುತ್ತಾರಾ?

ಹೊಗೆ ಅಲಾರಂ ಚೆಕ್ ಮಾಡುವಾಗ ಬಹಳ ಸಲ ಒಳಗೆ ಬ್ಯಾಟರಿಯೇ ಇರುವುದಿಲ್ಲ. ಬ್ಯಾಟರಿ ಮುಗಿಯುತ್ತಾ ಬಂದಾಗ ಅದು ರಾತ್ರಿ ಕೀಕ್ ಕೀಕ್ ಅನ್ನುತ್ತದೆ. ನಿದ್ದೆ ಕೆಟ್ಟ ಅತಿಥಿ ಕಿತ್ತಿಡುತ್ತಾನೆ. ಹೊಸದು ಹಾಕಬೇಕು ಅಂತ ನಿಮಗೆ ಹೇಳುವುದಿಲ್ಲ, ಅವನ ರಜೆ ಮುಗಿದಿರುತ್ತದೆ. ಕಿತ್ತರೆ ಬಾರದಂಥ, ಹತ್ತು ವರ್ಷದ ಬ್ಯಾಟರಿ ಒಳಗೇ ಇರುವ ಅಲಾರಂ ಸಿಗುತ್ತದೆ. ಅಲಾರಂ ಹತ್ತು ವರ್ಷಕ್ಕೆ ಹೇಗೂ ಬದಲಿಸಬೇಕು, ಹಿಂಭಾಗದಲ್ಲಿ ತಯಾರಾದ ತಾರೀಖು ಇರುತ್ತದೆ, ನೋಡಿ.

ಈಗ ನನ್ನ ಕೆಲಸಕ್ಕೆ ನೀವು ಕೊಡುವ ಸಮಯದ ಬಗ್ಗೆ. ಹನ್ನೊಂದಕ್ಕೆ ಒಬ್ಬರು ಖಾಲಿ ಮಾಡುತ್ತಾರೆ, ಎರಡಕ್ಕೆ ಇನ್ನೊಬ್ಬರು ಬರುತ್ತಾರೆ. ನಡುವೆ ಕ್ಲೀನಿಂಗಿನವರು ಇದ್ದಾರೆ, ಅವರಿಗೆ ವ್ಯಾಕ್ಯೂಮ್ ಹಾಕಲು ಕರೆಂಟ್ ಬೇಕು. ನನಗೆ ಕರೆಂಟ್ ಆಫ್ ಬೇಕು. ಮೆಗ್ಗರ್ (ವೈರಿನ ಹೊದಿಕೆ ಕರೆಂಟ್ ಸೋರದಂತೆ ತಡೆಯುತ್ತಿದೆಯೇ ಅಂತ ಅಳೆಯುವ ಮೀಟರ್) ಹಾಕಿ 500 ವೋಲ್ಟಿನಲ್ಲಿ ಇನ್ಸುಲೇಶನ್ ನೋಡಬೇಕಾದರೆ ಟಿವಿ, ವೈಫೈ, ಫ್ರಿಜ್ ಎಲ್ಲ ಬಿಚ್ಚಿಡಬೇಕು. ಕನಿಷ್ಠ ಒಂದು ಮೆಗಾಓಮ್ ಬರಬೇಕು. ಅಷ್ಟು ಬರದಿದ್ದರೆ ಎಲ್ಲಿ ಕೆಟ್ಟಿದೆ ಅಂತ ಹುಡುಕಬೇಕು. ಅದು ಆ ಮೂರು ಗಂಟೆಯಲ್ಲಿ ಮುಗಿಯುವ ಕೆಲಸ ಅಲ್ಲ. ಆಗ ನೀವು ಹೇಳುವ ಮಾತು ನನಗೆ ಬಾಯಿಪಾಠ ಆಗಿದೆ: "ಒಂದು ರೌಂಡ್ ನೋಡಿಬಿಟ್ಟು ಸರ್ಟಿಫಿಕೇಟ್ ಕೊಡಿ, ಪೋರ್ಟಲಿಗೆ ಹಾಕಬೇಕು."

ಒಪ್ಪಿಕೊಳ್ಳುತ್ತೇನೆ, ಒಂದು ಸಲ ನಾನೂ ಹಾಗೆ ಕೊಟ್ಟಿದ್ದೇನೆ. ಸೀಸನ್ ಸಮಯ, ದಿನಕ್ಕೆ ನಾಲ್ಕು ಮನೆ. ಮಹಡಿ ಮೇಲಿನ ಸೀಲಿಂಗ್ ಹತ್ತಿ ನೋಡಲಿಲ್ಲ. 'ನೋಡಲಾಗಿದೆ' ಅಂತ ಟಿಕ್ ಹಾಕಿದೆ. ಎರಡು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಅಲ್ಲಿಗೇ ಹೋದಾಗ ಹತ್ತಿದೆ. ಇಲಿ ಒಂದು ಮಾರಿನಷ್ಟು ಉದ್ದ ವೈರಿನ ಪ್ಲಾಸ್ಟಿಕ್ ತಿಂದು ತಾಮ್ರ ಮಾತ್ರ ಬಿಟ್ಟಿತ್ತು, ಅದು ಒಣ ಮರದ ತೊಲೆಯ ಮೇಲೆ ಮಲಗಿತ್ತು. ಕೆಳಗಿನ ರೂಮಿನಲ್ಲಿ ಮಕ್ಕಳು ಆಡುತ್ತಿದ್ದರು. ಮೇನ್ ಆಫ್ ಮಾಡಲು ಕೆಳಗೆ ಇಳಿಯುವಾಗ ಏಣಿಯ ಮೆಟ್ಟಿಲು ಕಾಲಿಗೆ ಸಿಗಲಿಲ್ಲ. ಅವತ್ತಿನಿಂದ ನೋಡದ ಜಾಗದ ಮುಂದೆ 'ನೋಡಿಲ್ಲ' ಅಂತ ಬರೆಯುತ್ತೇನೆ. ಇದರಿಂದ ಕೆಲವು ಗಿರಾಕಿಗಳು ಕೈಬಿಟ್ಟರು. ಹೋಗಲಿ.

ಪರವಾನಗಿ ಕೊಡುವವರಿಗೆ ಒಂದೇ ಬೇಡಿಕೆ. ನಿಮ್ಮ ಫಾರಂನಲ್ಲಿ 'ವಿದ್ಯುತ್ ಸುರಕ್ಷತೆ: ಇದೆ / ಇಲ್ಲ' ಅಂತ ಒಂದು ಸಾಲು ಇದ್ದರೆ ಅದನ್ನು ಎಲ್ಲರೂ 'ಇದೆ' ಅಂತಲೇ ತುಂಬುತ್ತಾರೆ. ಅದರ ಬದಲು ಅಂಕಿ ಕೇಳಿ. ಆರ್‌ಸಿಸಿಬಿ ಎಷ್ಟು ಮಿಲಿಸೆಕೆಂಡಿನಲ್ಲಿ ಬಿತ್ತು, ಇನ್ಸುಲೇಶನ್ ಎಷ್ಟು ಮೆಗಾಓಮ್, ಅರ್ತ್ ಎಷ್ಟು ಓಮ್, ಯಾವ ಯಾವ ಜಾಗ ನೋಡಲು ಆಗಲಿಲ್ಲ. ಅಂಕಿಯನ್ನೂ ಸುಳ್ಳು ಬರೆಯಬಹುದು, ಗೊತ್ತು. ಆದರೆ ಸುಳ್ಳು ಅಂಕಿಗಳು ಒಂದರ ಹಾಗೆ ಒಂದು ಇರುತ್ತವೆ. ಹತ್ತು ಮನೆಯ ಹಾಳೆ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಕಾಣುತ್ತದೆ.

ಉಳಿಯಲು ಬರುವವರಿಗೂ ಒಂದು ಮಾತು. ಪರದೆಯ ಬಣ್ಣ, ದಿಂಬಿನ ಗಟ್ಟಿತನ ಎಲ್ಲ ರಿವ್ಯೂನಲ್ಲಿ ಬರೆಯುತ್ತೀರಿ. ನಲ್ಲಿ ಜುಮ್ ಅಂದದ್ದನ್ನೂ ಬರೆಯಿರಿ. ಮೂರು ದಿನದ ಮಟ್ಟಿಗೆ ಯಾಕೆ ಗಲಾಟೆ ಅಂತ ಬಿಟ್ಟು ಹೋಗಬೇಡಿ. ಏನಾದರೂ ಟ್ರಿಪ್ ಆದರೆ ಒಂದು ಸಲ ಎತ್ತಿ ನೋಡಿ. ಮತ್ತೆ ಬಿದ್ದರೆ ಬಿಟ್ಟುಬಿಡಿ, ಫೋನ್ ಮಾಡಿ. ಅದನ್ನು ಬಲವಂತವಾಗಿ ಹಿಡಿದು ನಿಲ್ಲಿಸುವುದು, ಕಡ್ಡಿ ಸಿಕ್ಕಿಸುವುದು ಬೇಡ. ಕಡ್ಡಿ ಸಿಕ್ಕಿಸಿದ್ದನ್ನೂ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಮಾಲೀಕರೇ, ಮುಂದಿನ ಸಲ ನನ್ನನ್ನೋ ನನ್ನಂಥ ಇನ್ನೊಬ್ಬರನ್ನೋ ಕರೆದಾಗ ಒಂದು ಪೂರ್ತಿ ದಿನ ಬುಕಿಂಗ್ ತೆಗೆದುಕೊಳ್ಳಬೇಡಿ. ಸ್ಟೋರ್ ರೂಮಿನ ಬೀಗದ ಕೈ ಇಟ್ಟು ಹೋಗಿ. ಮೇನ್ ಬೋರ್ಡಿನ ಮುಂದಿನ ಹಾಸಿಗೆಗಳನ್ನು ಸರಿಸಿ. ಮನೆಯಲ್ಲಿ 'ಇದನ್ನು ಮುಟ್ಟಬೇಡಿ', 'ಅದನ್ನು ಒಟ್ಟಿಗೆ ಹಾಕಬೇಡಿ' ಅಂತ ಎಲ್ಲೆಲ್ಲಿ ಚೀಟಿ ಅಂಟಿಸಿದ್ದೀರೋ ಅದರ ಪಟ್ಟಿಯನ್ನು ಮೊದಲೇ ಕಳಿಸಿಕೊಡಿ. ರಿಪೇರಿ ಎಲ್ಲಿಂದ ಶುರು ಮಾಡಬೇಕು ಅಂತ ನನಗೆ ಅದರಲ್ಲೇ ಗೊತ್ತಾಗುತ್ತದೆ.

ಆ ಬಾತ್‌ರೂಮಿನ ಕೆಲಸಕ್ಕೆ ಹಿಡಿದದ್ದು ಒಂದು ಮಧ್ಯಾಹ್ನ. ಹೊಸ ಎಲಿಮೆಂಟ್, ಹೊಸ ಪ್ಲಗ್, ಫೇಸು ನ್ಯೂಟ್ರಲು ಎರಡನ್ನೂ ಒಟ್ಟಿಗೆ ಕಟ್ ಮಾಡುವ ಸ್ವಿಚ್, ಬೈಪಾಸ್ ವೈರ್ ತೆಗೆದು ಹೊಸ ಆರ್‌ಸಿಸಿಬಿ. ಕೊನೆಗೆ ಮೀಟರ್ ಹಿಡಿದೆ. ಆನ್ ಮಾಡಿದರೂ ಸೊನ್ನೆ, ಆಫ್ ಮಾಡಿದರೂ ಸೊನ್ನೆ. ಹುಡುಗನನ್ನು ಕರೆದು ಚೀಟಿ ತೆಗೆಯಪ್ಪ ಅಂದೆ. ಅವನು ಉಗುರಿನಿಂದ ಕೆರೆದ, ಚಾಕು ತಂದು ಎಬ್ಬಿಸಿ ನೋಡಿದ. ಬರಲಿಲ್ಲ. ಅಷ್ಟು ಗಟ್ಟಿ ಗೋಂದು ಹಾಕಿದ್ದರು. ಕೊನೆಗೆ 'ಸಹಕರಿಸಿ' ಅನ್ನುವುದೂ ಆ ನಗುಮುಖವೂ ಅಲ್ಲೇ ಉಳಿದವು.

ಇಂತಿ,
ನಿಮ್ಮ ಮನೆಯ ಮೇನ್ ಸ್ವಿಚ್ ಹುಡುಕುತ್ತಿರುವ ಒಬ್ಬ ಎಲೆಕ್ಟ್ರಿಷಿಯನ್